ಕಿತ್ತು ಬರದ ಗುಂಡಿ

ಮೆಟ್ಟಿಲ ಕೆಳಗಿನ ಆ ಅಂಗಡಿಯಲ್ಲಿ ನೆಟ್ಟಗೆ ನಿಲ್ಲಬಹುದಾದ ಜಾಗ ಒಂದೇ ಒಂದು, ಅಲ್ಲಿ ಹೊಲಿಗೆ ಯಂತ್ರ ಕೂತಿತ್ತು. ಬಂದವರು ಮೊದಲು ಹಣೆ ಚಚ್ಚಿಕೊಳ್ಳುತ್ತಿದ್ದರು, ಆಮೇಲೆ ಬಂದ ಕೆಲಸ ಹೇಳುತ್ತಿದ್ದರು. “ತಗ್ಗಿ ಬನ್ನಿ ಅಂತ ಬೋರ್ಡು ಹಾಕಿದ್ದೀನಲ್ಲ, ಕಣ್ಣು ಕಾಣಲ್ವಾ?” ಎಂದು ಗುಂಡಿಯಕ್ಕ ಗದರುವಳು. ಬೋರ್ಡು ಇದ್ದದ್ದು ಒಳಗಿನ ಗೋಡೆಯ ಮೇಲೆ. ಹಣೆ ಚಚ್ಚಿಕೊಂಡು ಒಳಗೆ ಬಂದ ಮೇಲೆಯೇ ಅದು ಕಾಣುತ್ತಿತ್ತು. ಹೊರಗೆ ಹಾಕಮ್ಮ ಎಂದು ಹತ್ತು ಜನ ಹೇಳಿದರು. ಹತ್ತು ಜನ ಹೇಳಿದರು ಎನ್ನುವ ಕಾರಣಕ್ಕೇ ಅವಳು ಹಾಕಲಿಲ್ಲ.

ಗುಂಡಿಯಕ್ಕ ಬಟ್ಟೆ ಹೊಲಿಯುವವಳಲ್ಲ. ಬೇರೆಯವರು ಹೊಲಿದದ್ದು ಬಾಯಿ ಬಿಡದ ಹಾಗೆ ನೋಡಿಕೊಳ್ಳುವುದು ಅವಳ ಕೆಲಸ. ಗುಂಡಿ, ಕಾಜ, ಹುಕ್ಕು, ಟಿಚ್ ಬಟನ್ನು, ಜಿಪ್ಪು, ಲಾಡಿ. ಬಿಸ್ಕತ್ತಿನ ಡಬ್ಬಗಳಲ್ಲಿ ಬಣ್ಣಕ್ಕೊಂದರಂತೆ ಗುಂಡಿ ತುಂಬಿಟ್ಟು, ಕಣ್ಣು ಮುಚ್ಚಿಕೊಂಡೇ ಬೇಕಾದ ಡಬ್ಬಕ್ಕೆ ಕೈ ಹಾಕುತ್ತಿದ್ದಳು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, “ನನ್ನ ಗುಂಡಿಗೆ ಸರಿಯಾದ ಕಾಜ ಸಿಗಲಿಲ್ಲ” ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಚಳಿ ಶುರುವಾಗುವ ಮುಂಚೆ ಅಂಗಡಿಗೆ ರಜಾಯಿಯ ಗವಸುಗಳು ಬರುತ್ತಿದ್ದವು. ಎಲ್ಲರದೂ ಒಂದೇ ಗೋಳು. ಗವಸಿನೊಳಗೆ ರಜಾಯಿ ನಿಲ್ಲುವುದಿಲ್ಲ, ಬೆಳಗಾಗುವುದರೊಳಗೆ ಕಾಲ ಬಳಿ ಉಂಡೆ ಕಟ್ಟಿ ಕೂತಿರುತ್ತದೆ, ಎದೆಯ ಮೇಲೆ ಬರೀ ಗವಸು. ಏನು ಹಾಕಿಸಿದರೆ ಒಳ್ಳೆಯದು ಎಂದು ಕೇಳಿದರೆ ಗುಂಡಿಯಕ್ಕ ಮೊದಲು ಕೇಳಿದವರ ಮುಖ ನೋಡುವಳು. ಹಾಸ್ಟೆಲಿನವರಾದರೆ ಜಿಪ್ಪು, ಅಲ್ಲಿ ಯಾರಿಗೂ ಪುರುಸೊತ್ತಿಲ್ಲ. ಮಕ್ಕಳ ಹಾಸಿಗೆಯಾದರೆ ಟಿಚ್ ಬಟನ್ನು; ಟಿಕ್ ಎನ್ನುವ ಸದ್ದಿಗೆ ಮಕ್ಕಳೇ ಹಾಕುತ್ತವೆ. ತಾಳ್ಮೆ ಇದ್ದವರಾದರೆ ನಾಲ್ಕು ಮೂಲೆಗೂ ಒಳಗಿನಿಂದ ಲಾಡಿ. “ಬಾಯಿಗೆ ಏನೇ ಹಾಕಿ, ಮೂಲೆ ಕಟ್ಟದೇ ಇದ್ರೆ ಅದು ನಿಲ್ಲಲ್ಲ” ಎನ್ನುವುದು ಅವಳ ಕಡೆಯ ಮಾತು. ಅವಳು ಹಾಕಿಕೊಟ್ಟದ್ದು ಐದಾರು ವರ್ಷ ಅಲುಗುತ್ತಿರಲಿಲ್ಲ.

ಇಷ್ಟೆಲ್ಲ ಬಲ್ಲವಳು ಒಂದೇ ಒಂದು ಗವಸಿಗೆ ಮಾತ್ರ ಪ್ರತಿ ಚಳಿಗಾಲ ಬೇಕೆಂತಲೇ ಕೆಟ್ಟ ಕೆಲಸ ಮಾಡಿಕೊಡುತ್ತಿದ್ದಳು. ಅದು ಅವಳ ತಂಗಿಯ ಗವಸು.

ಅಕ್ಕತಂಗಿಯರು ಚಿಕ್ಕವರಿದ್ದಾಗ ಮನೆಯಲ್ಲಿ ಇದ್ದದ್ದು ಒಂದೇ ರಜಾಯಿ. ಅಮ್ಮ ನಡುವೆ, ಇವರಿಬ್ಬರು ಅತ್ತ ಇತ್ತ. ಆಮೇಲೆ ತಂಗಿ ಮದುವೆಯಾಗಿ ಬಸ್ಸಿನಲ್ಲಿ ಒಂದು ದಿನದ ದಾರಿಯ ಊರಿಗೆ ಹೋದಳು, ಅಮ್ಮ ಹಾಸಿಗೆ ಹಿಡಿದಳು. ಹದಿನಾಲ್ಕು ತಿಂಗಳು ಗುಂಡಿಯಕ್ಕ ಒಬ್ಬಳೇ ಎತ್ತಿ ಕೂರಿಸಿ, ಮೈ ಒರೆಸಿ, ಅನ್ನ ತಿನ್ನಿಸಿದಳು. ತಂಗಿ ಅಷ್ಟರಲ್ಲಿ ಬಸುರಿಯಾಗಿದ್ದಳು, ಪ್ರಯಾಣ ಕೂಡದು ಎಂದು ಡಾಕ್ಟರು ಹೇಳಿದ್ದರು. ಅಮ್ಮ ಸತ್ತಾಗ ತಂಗಿಯ ಮಗುವಿಗೆ ಒಂಬತ್ತು ದಿನ. ಮೂರನೆಯ ದಿನ ಅವಳು ಆ ಹಸುಗೂಸನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಬಂದು ಅತ್ತಳು. ಅತ್ತಾದ ಮೇಲೆ, ಅಮ್ಮನದು ಬೇರೇನೂ ಬೇಡ, ಆ ರಜಾಯಿ ಒಂದು ಕೊಡಕ್ಕ ಎಂದಳು.

ಗುಂಡಿಯಕ್ಕ ಹದಿನಾಲ್ಕು ತಿಂಗಳಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. “ನಿಂಗೆ ಬೇಕಾಗಿದ್ದಿದ್ದು ರಜಾಯಿ, ಅಮ್ಮ ಅಲ್ಲ. ತಗೊಂಡು ಹೋಗು” ಎಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಂಗಿ ಒಂದು ಹೆಗಲಲ್ಲಿ ಮಗು, ಇನ್ನೊಂದು ತೋಳಲ್ಲಿ ರಜಾಯಿ ಹಿಡಿದು ಬಾಗಿಲಲ್ಲಿ ನಿಂತು, “ಇನ್ನು ನಿನ್ನ ಹೊಸಲು ನಾನು ತುಳಿಯಲ್ಲ ಅಕ್ಕ” ಎಂದಳು. “ನಿನ್ನ ಹೊಸಲು ನಾನೂ ತುಳಿಯಲ್ಲ” ಎಂದಳು ಇವಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ನೋಡಿ, ಆಡಿದ ಮಾತು ಉಳಿಸಿಕೊಳ್ಳುವುದರಲ್ಲಿ ಇಬ್ಬರೂ ಗಟ್ಟಿಗಿತ್ತಿಯರು.

ಆರು ವರ್ಷ ಹಾಗೆಯೇ ಕಳೆಯಿತು. ತಂಗಿಯ ಗಂಡ ಬಸ್ ಡ್ರೈವರು. ಅವನಿಗೆ ಇದೇ ಊರಿಗೆ ವರ್ಗವಾಗಿ, ಅಂಗಡಿಯಿಂದ ಹನ್ನೊಂದನೆಯ ಸ್ಟಾಪಿನಲ್ಲಿ ಮನೆ ಮಾಡಿದರು. ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ ಡ್ರೈವರು ಬಂದ, ಹಣೆ ಚಚ್ಚಿಕೊಂಡ, ಒಂದು ಗವಸನ್ನು ಮೇಜಿನ ಮೇಲಿಟ್ಟ.

“ಅಕ್ಕಾ, ರಜಾಯಿ ಒಳಗೆ ನಿಲ್ತಾ ಇಲ್ಲವಂತೆ. ಲಾಡಿ ಎಲ್ಲ ಕಿತ್ತು ಹೋಗಿದೆ. ನಿಮ್ಮ ಹತ್ರಾನೇ ಹಾಕಿಸ್ಕೊಂಡು ಬನ್ನಿ ಅಂದಳು.”

ಗುಂಡಿಯಕ್ಕ ಕನ್ನಡಕ ಏರಿಸಿ ದಾರದ ತುದಿ ನೋಡಿದಳು. ಸವೆದು ಕಿತ್ತ ದಾರದ ತುದಿ ಹಿಂಜಿದ ಹತ್ತಿಯ ಹಾಗೆ ಇರುತ್ತದೆ. ಕತ್ತರಿಯಲ್ಲಿ ಕತ್ತರಿಸಿದ್ದು ಒಂದೇ ಸಮ ಇರುತ್ತದೆ. ಇದು ಎರಡೂ ಅಲ್ಲ, ಚಪ್ಪಟೆಯಾಗಿತ್ತು. ಹಲ್ಲಿನಲ್ಲಿ ಕಡಿದದ್ದು. ಕತ್ತರಿ ಪಕ್ಕದಲ್ಲೇ ಇದ್ದರೂ ದಾರವನ್ನು ಹಲ್ಲಿನಲ್ಲೇ ಕಡಿದು ಅಮ್ಮನ ಕೈಲಿ ದಿನಾ ಬೈಸಿಕೊಳ್ಳುತ್ತಿದ್ದವಳು ಆ ಮನೆಯಲ್ಲಿ ಒಬ್ಬಳೇ. ನಾಲ್ಕೂ ಲಾಡಿಯನ್ನು ತಂಗಿ ತಾನೇ ಕಡಿದು ಕಳಿಸಿದ್ದಳು. ಕಳ್ಳನಿಗೊಂದು ಪಿಳ್ಳೆ ನೆವ.

ಗುಂಡಿಯಕ್ಕ ಗವಸನ್ನು ಮಡಿಸಿ ಪಕ್ಕಕ್ಕಿಟ್ಟಳು. “ಮನೇಲಿ ಎಲ್ಲ?” ಎಂದಳು. “ಹೂಂ, ಎಲ್ಲ” ಎಂದ ಡ್ರೈವರು. ಅಷ್ಟೇ ಮಾತು. ಅವನು ಹೋದ ಮೇಲೆ ಗವಸನ್ನು ಮುಖಕ್ಕೆ ಒತ್ತಿಕೊಂಡು ಸುಮಾರು ಹೊತ್ತು ಕೂತಿದ್ದಳು. ಆಮೇಲೆ ಲಾಡಿಯ ಜಾಗಕ್ಕೆ ಟಿಚ್ ಬಟನ್ನು ಹಾಕಿದಳು, ಒಂಟಿ ದಾರದಲ್ಲಿ, ಕೊನೆಗೆ ಗಂಟು ಹಾಕದೆ. ಒಂದು ಚಳಿಗಾಲ ತಡೆದರೆ ಹೆಚ್ಚು.

ಮುಂದಿನ ವರ್ಷ ಗವಸು ಮತ್ತೆ ಬಂತು. ಹೀಗೆ ಒಂಬತ್ತು ಚಳಿಗಾಲ. ಅವಳು ಚಾಪೆ ಕೆಳಗೆ ತೂರಿದರೆ ಇವಳು ರಂಗೋಲಿ ಕೆಳಗೆ. ಒಂದು ವರ್ಷ ಹುಕ್ಕು, ಅದಕ್ಕೆ ಬೇಕೆಂತಲೇ ಸಡಿಲ ಕಾಜ. ಒಂದು ವರ್ಷ ಜಿಪ್ಪು ಹಾಕಿ ಅದರ ಕೊನೆಯ ತಡೆ ಮಾತ್ರ ಹಾಕದೆ ಬಿಟ್ಟಳು. ಜಿಪ್ಪಿನಿಂದ ಜಾರಿ ಬಿದ್ದ ಎಳೆಯುವ ಕೊಂಡಿಯನ್ನು ತಂಗಿ ಕಾಗದದಲ್ಲಿ ಸುತ್ತಿ ಕಳಿಸಿದಳು. ಕಾಗದದ ಮೇಲೆ ಒಂದಕ್ಷರ ಬರೆದಿರಲಿಲ್ಲ, ಆದರೆ ಅದು ಶಾಲೆಯ ನೋಟ್‌ಬುಕ್ಕಿನ ಹಾಳೆ, ಒಂದು ಮೂಲೆಯಲ್ಲಿ ಮಕ್ಕಳ ಕೈಯ ಮನೆಯ ಚಿತ್ರ. ಆ ಒಂಬತ್ತು ದಿನದ ಕೂಸು ಶಾಲೆಗೆ ಹೋಗುತ್ತಿದೆ ಎಂದು ಗುಂಡಿಯಕ್ಕನಿಗೆ ಗೊತ್ತಾದದ್ದು ಹಾಗೆ.

ಇನ್ನೊಂದು ವರ್ಷ ನಾಲ್ಕು ಗುಂಡಿ ಹಾಕಿದಳು. ಅದರಲ್ಲಿ ಒಂದು ಅಕ್ಕತಂಗಿ ಇಬ್ಬರೂ ತೊಟ್ಟು ಹರಿದಿದ್ದ ನೀಲಿ ಫ್ರಾಕಿನದು. ಮರುವರ್ಷ ಮೂರು ಗುಂಡಿ ಕಿತ್ತು ಬಂದಿದ್ದವು. ನೀಲಿ ಗುಂಡಿ ಅಲ್ಲೇ ಇತ್ತು. ತಂಗಿ ಅದರ ಮೇಲೆ ಇನ್ನಷ್ಟು ದಾರ ಸುತ್ತಿ ಭದ್ರ ಮಾಡಿದ್ದಳು, ಕಾಗೆಯ ಗೂಡಿನ ಹಾಗೆ. “ಇಷ್ಟು ವಯಸ್ಸಾದ್ರೂ ಒಂದು ಗುಂಡಿ ಹೊಲಿಯೋಕೆ ಬರಲ್ಲ ಮೂದೇವಿಗೆ” ಎಂದು ಗುಂಡಿಯಕ್ಕ ಗಟ್ಟಿಯಾಗಿ ಬೈದಳು. ಬೈಯುತ್ತಾ ಕಣ್ಣೊರೆಸಿಕೊಂಡಳು.

ಅವಳಿಗೆ ಬೇಕಾಗಿದ್ದದ್ದು ಇಷ್ಟೇ. ಯಾವುದೋ ಒಂದು ಚಳಿಗಾಲ ಆ ಗವಸನ್ನು ಗಂಡನ ಕೈಲಿ ಕಳಿಸದೆ ತಂಗಿಯೇ ತರಬೇಕು, ಬಾಗಿಲಲ್ಲಿ ಹಣೆ ಚಚ್ಚಿಕೊಳ್ಳಬೇಕು, ಇವಳು ಬೈಯಬೇಕು. ಆಮೇಲಿನದು ತಾನಾಗಿ ಆಗುತ್ತದೆ ಎಂದುಕೊಂಡಿದ್ದಳು. ತಾನೇ ಮೊದಲು ಹೋಗಬಹುದು ಎನ್ನುವುದು ಅವಳಿಗೆ ಹೊಳೆಯಲಿಲ್ಲವೆಂದಲ್ಲ. ಹೊಳೆದಾಗಲೆಲ್ಲ ಬೇರೆ ಕೆಲಸ ಹಚ್ಚಿಕೊಳ್ಳುತ್ತಿದ್ದಳು.

ಹತ್ತನೆಯ ಚಳಿಗಾಲ ಡ್ರೈವರು ಗವಸು ತಂದ ದಿನ ಅಂಗಡಿಯಲ್ಲಿ ಎದುರು ಸಾಲಿನ ಪರದೆ ಅಂಗಡಿಯವನು ಕೂತಿದ್ದ. ಬಾಯಿ ಚಪಲದ ಮನುಷ್ಯ. “ಇದು ಹೋದ ವರ್ಷವೂ ಬಂದಿತ್ತಲ್ಲ? ಅದರ ಹಿಂದಿನ ವರ್ಷವೂ? ಏನಕ್ಕ, ಕೈ ಸೋತಿತಾ?” ಎಂದು ನಕ್ಕ.

ಡ್ರೈವರು ಪಾಪದವನು, ಹೆಂಡತಿ ಹೇಳಿದಲ್ಲಿಗೆ ಹೋಗುವವನು. ಹತ್ತು ವರ್ಷದಿಂದ ತಾನು ಏನನ್ನು ಹೊತ್ತು ತಿರುಗುತ್ತಿದ್ದೇನೆಂದು ಅವನಿಗೆ ಗೊತ್ತೇ ಇರಲಿಲ್ಲ. ಅವನೂ ತಲೆ ಕೆರೆದುಕೊಂಡು, “ಹೌದಕ್ಕ, ಈ ಸಲ ಒಂದು ಗಟ್ಟಿಯಾಗಿ ಹಾಕಿಕೊಟ್ಟುಬಿಡಿ. ನಂಗೂ ರೂಟ್ ಬದಲಾಗಿದೆ. ವರ್ಷ ವರ್ಷ ಓಡಾಡೋದು ತಪ್ಪುತ್ತೆ” ಎಂದ.

ಗುಂಡಿಯಕ್ಕನ ಕಿವಿ ಕೆಂಪಾಯಿತು. ಮೂವತ್ತು ವರ್ಷದ ಕೈಗೆ ಸೋತಿತಾ ಎನ್ನುವುದೇ? ಓಡಾಡುವುದು ತಪ್ಪುತ್ತದೆ ಎಂದವನು ಇವನೋ, ಇವನ ಬಾಯಲ್ಲಿ ತಂಗಿಯೋ? “ಆಯ್ತು. ಗಟ್ಟಿ ಬೇಕಲ್ಲ, ಗಟ್ಟಿ ಹಾಕ್ತೀನಿ. ಆನೆ ಕಟ್ಟಿ ಎಳೆದ್ರೂ ಬರಬಾರದು” ಎಂದಳು.

ಮಧ್ಯಾಹ್ನವೆಲ್ಲ ಅದೇ ಕೆಲಸ. ದಾರವನ್ನು ನಾಲ್ಕು ಎಳೆ ಮಾಡಿ ಮೇಣ ಎಳೆದಳು. ಮೂಲೆಗಳಿಗೆ ಹೊಸ ಲಾಡಿ ಕೂರಿಸಿದಳು. ಬಾಯಿಗೆ ಎಂಟು ದೊಡ್ಡ ಗುಂಡಿ. ಪ್ರತಿಯೊಂದರ ಕೆಳಗೂ ಬಟ್ಟೆಯ ತುಂಡು, ಹಿಂದೆ ಆಸರೆಗೆ ಒಂದು ಚಿಕ್ಕ ಗುಂಡಿ, ಬುಡಕ್ಕೆ ಏಳು ಸುತ್ತು. ನೀಲಿ ಗುಂಡಿಯನ್ನು ತೆಗೆದು ಡಬ್ಬಕ್ಕೆ ಹಾಕಿದಳು, ಎಂಟರ ಸಾಲಿನಲ್ಲಿ ಅದು ಹೊಂದುತ್ತಿರಲಿಲ್ಲ. ಅದು ಅವಳು ಜೀವಮಾನದಲ್ಲಿ ಮಾಡಿದ ಅತ್ಯಂತ ಒಳ್ಳೆಯ ಕೆಲಸ. ಪರದೆ ಅಂಗಡಿಯವನನ್ನು ಕರೆದು, “ಎಳೆದು ನೋಡು” ಎಂದಳು. ಅವನು ಎಳೆದು ನೋಡಿ, ಕೈ ಮುಗಿದು ಹೋದ.

ಮರುವರ್ಷ ಗವಸು ಬರಲಿಲ್ಲ. ಬರುವುದು ಹೇಗೆ? ಹಾಕಿದವಳು ಯಾರು? ಆ ಚಳಿಗಾಲವನ್ನು ಅವಳು ಆ ಜಂಬದಲ್ಲೇ ಕಳೆದಳು. ಎರಡನೆಯ ವರ್ಷವೂ ಬರಲಿಲ್ಲ. ಹಲ್ಲಿದೆಯಲ್ಲ ಅವಳಿಗೆ, ಕಡಿಯಬಾರದಾ ಎಂದು ಒಳಗೊಳಗೇ ಕುದಿದಳು. ಬಾಗಿಲಲ್ಲಿ ಯಾರಾದರೂ ಹಣೆ ಚಚ್ಚಿಕೊಂಡರೆ ಬೈಯುವ ಮುಂಚೆ ಮುಖ ನೋಡತೊಡಗಿದಳು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎಂದು ಹಿರಿಯರು ಹೇಳಿದ್ದಾರೆ. ಇವಳು ಕೊಯ್ದಿರಲಿಲ್ಲ, ಹೊಲಿದಿದ್ದಳು. ಫಲ ಅದೇ ಆಯಿತು.

ಮೂರನೆಯ ಚಳಿಗಾಲ, ಒಂದು ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ಅವಳು ಬಸ್ಸು ಹತ್ತಿದಳು. ನೀಲಿ ಗುಂಡಿ ಕುಪ್ಪಸದೊಳಗಿನ ಚೀಲದಲ್ಲಿತ್ತು. ಹನ್ನೊಂದನೆಯ ಸ್ಟಾಪಿನಲ್ಲಿ ಇಳಿದು, ಕೇಳಿಕೊಂಡು, ಮನೆಯ ಎದುರಿನ ರಸ್ತೆಯವರೆಗೂ ಹೋದಳು. ಮೊದಲ ಮಹಡಿಯ ಕಟಕಟೆಯ ಮೇಲೆ ರಜಾಯಿಯನ್ನು ಬಿಸಿಲಿಗೆ ಹಾಕಿದ್ದರು, ಗವಸಿನ ಸಮೇತ. ಗುಂಡಿಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಎಣಿಸಿದಳು. ಎಂಟು.

ರಜಾಯಿಯ ಹಿಂದೆ ಯಾರೋ ಕೂತಿದ್ದರು, ಮುಖ ಕಾಣಲಿಲ್ಲ. ಒಂದು ಕೈ ಮಾತ್ರ ಅಂಚಿನಿಂದ ಈಚೆಗೆ ಬಂದು ಗವಸಿನ ತುದಿಯನ್ನು ಹಿಡಿದು ಎಳೆಯುತ್ತಿತ್ತು, ಬಿಡುತ್ತಿತ್ತು, ಮತ್ತೆ ಎಳೆಯುತ್ತಿತ್ತು. ಸುಕ್ಕು ಬಿಡಿಸುತ್ತಿದ್ದಾಳೆ ಎಂದುಕೊಂಡಳು ಗುಂಡಿಯಕ್ಕ. ಎಂಟೂ ಭದ್ರವಾಗಿವೆ, ಬೆಚ್ಚಗಿದ್ದಾಳೆ, ಹಲ್ಲು ಹಾಕಿ ಕಡಿಯುವಷ್ಟು ನೆನಪೂ ಬರುತ್ತಿಲ್ಲ ಇವಳಿಗೆ. ನಾನ್ಯಾಕೆ ಹೊಸಲು ತುಳಿಯಲಿ? ಮೇಲೆ ಹತ್ತುವುದಕ್ಕೆ ಹದಿನೈದೋ ಹದಿನಾರೋ ಮೆಟ್ಟಿಲು. ಅವಳು ಬಂದ ದಾರಿಯಲ್ಲೇ ತಿರುಗಿ, ಬಂದ ಬಸ್ಸಿನಲ್ಲೇ ವಾಪಸು ಹೋದಳು.

ಅದಾಗಿ ಹತ್ತು ತಿಂಗಳಿಗೆ, ಇನ್ನೂ ಚಳಿ ಬೀಳುವ ಮುಂಚೆ, ದೊಡ್ಡದೊಂದು ಗಂಟನ್ನು ಎದೆಗೆ ಅವುಚಿಕೊಂಡು ಒಬ್ಬಳು ಹುಡುಗಿ ಅಂಗಡಿಯ ಬಾಗಿಲಲ್ಲಿ ಹಣೆ ಚಚ್ಚಿಕೊಂಡಳು. ಹತ್ತೊಂಬತ್ತರ ವಯಸ್ಸಿರಬೇಕು. ಹಣೆ ಉಜ್ಜಿಕೊಳ್ಳುತ್ತಾ ಒಂದು ಕಣ್ಣು ಮುಚ್ಚಿದಳು. ನೋವಾದರೆ ಒಂದೇ ಕಣ್ಣು ಮುಚ್ಚುವವಳನ್ನು ಗುಂಡಿಯಕ್ಕ ಒಬ್ಬಳನ್ನೇ ಕಂಡಿದ್ದಳು. ಬೈಯುವುದು ಬಿಟ್ಟು ಎದ್ದು ನಿಂತಳು.

“ದೊಡ್ಡಮ್ಮ ಅಂದ್ರೆ ನೀವೇನಾ?” ಎಂದಳು ಹುಡುಗಿ.

ಗಂಟು ಬಿಚ್ಚಿದರೆ ಗವಸು. ಅದರೊಳಗೆ, ಹತ್ತು ಸಲವೂ ಬಾರದಿದ್ದ ಅಮ್ಮನ ರಜಾಯಿ. ಎಂಟರಲ್ಲಿ ಮೂರನೆಯ ಗುಂಡಿ ಇರಲಿಲ್ಲ. ಹುಡುಗಿ ಅದನ್ನು ಮುಷ್ಟಿಯಲ್ಲಿ ಹಿಡಿದು ತಂದಿದ್ದಳು.

“ನಿನ್ನೆ ಮಡಿಸಿಡೋವಾಗ ಕಿತ್ತು ಬಂತು. ಇದು ತಾನಾಗಿ ಕಿತ್ತ ದಿನ ರಜಾಯಿ ಸಮೇತ ಅಕ್ಕನ ಅಂಗಡಿಗೆ ತಗೊಂಡು ಹೋಗು ಅಂತ ಅಮ್ಮ ಹೇಳಿದ್ರು.”

“ಅವಳ್ಯಾಕೆ ಬರಲಿಲ್ಲ?” ಎಂದಳು ಗುಂಡಿಯಕ್ಕ. ದನಿಯಲ್ಲಿ ಇನ್ನೂ ಸ್ವಲ್ಪ ಸಿಟ್ಟಿತ್ತು, ಆ ಸಿಟ್ಟಿನ ಅಡಿಯಲ್ಲಿ ಖುಷಿಯಿತ್ತು.

ಹುಡುಗಿ ಅವಳ ಮುಖವನ್ನೇ ನೋಡಿದಳು. “ಅಮ್ಮ ಹೋಗಿ ಎಂಟು ತಿಂಗಳಾಯ್ತು ದೊಡ್ಡಮ್ಮ.”

ಹೊರಗೆ ಬಸ್ಸೊಂದು ನಿಂತು, ಜನ ಇಳಿದು, ಮತ್ತೆ ಹೊರಟಿತು. ಗುಂಡಿಯಕ್ಕ ಸ್ಟೂಲಿನ ಮೇಲೆ ಕೂತಳು.

ಹುಡುಗಿ ತಡೆತಡೆದು ಹೇಳಿದಳು. ಮೂರು ವರ್ಷ ಕಾಯಿಲೆ. ಕೊನೆಯ ವರ್ಷ ಮೆಟ್ಟಿಲಿಳಿಯಲು ಆಗುತ್ತಿರಲಿಲ್ಲ, ಬಿಸಿಲು ಬಂದರೆ ಕಟಕಟೆಯ ಹತ್ತಿರ ರಜಾಯಿ ಹಾಕಿಸಿಕೊಂಡು ಕೂರುತ್ತಿದ್ದಳು. ಅಪ್ಪ ಎಷ್ಟೋ ಸಲ, ಹೋಗಿ ಅಕ್ಕನಿಗೆ ಹೇಳಿ ಬರ್ತೀನಿ ಎಂದು ಹೊರಟಿದ್ದ. ಹೋದರೆ ನನ್ನಾಣೆ ಎಂದಿದ್ದಳು.

“ಯಾವಾಗ್ಲೂ ಆ ಗುಂಡೀನೇ ಎಳೀತಾ ಕೂತಿರ್ತಿದ್ರು. ಕತ್ತರಿ ಕೊಡ್ಲಾ ಅಮ್ಮ ಅಂದ್ರೆ ಬೇಡ ಅನ್ನೋರು. ‘ಮುಂಚೆ ಎಲ್ಲ ಅಕ್ಕ ಸಡಿಲವಾಗಿ ಹಾಕ್ತಿದ್ದಳು, ಬಾ ಅಂತ. ಈಗ ಇಷ್ಟು ಗಟ್ಟಿ ಹಾಕಿದ್ದಾಳೆ ಅಂದ್ರೆ ಸಾಕು, ಇನ್ನು ಬರಬೇಡ ಅಂತಾನೇ ಅರ್ಥ. ನಾನು ಕಡಿದು ಕಳಿಸಿದ್ರೆ ಅವಳಿಗೆ ದಾರ ನೋಡಿದ ಕೂಡ್ಲೇ ಗೊತ್ತಾಗುತ್ತೆ. ತಾನಾಗಿ ಕಿತ್ತು ಬಂದ್ರೆ ಮಾತ್ರ ಹೋಗಬಹುದು’ ಅನ್ನೋರು.”

ಗುಂಡಿಯಕ್ಕ ಗುಂಡಿಯನ್ನು ಇಸಿದುಕೊಂಡು ಬೆಳಕಿಗೆ ಹಿಡಿದಳು. ಚಪ್ಪಟೆ ಇರಲಿ ದೇವರೇ, ಒಂದೇ ಒಂದು ಸಲ ಹಲ್ಲು ಹಾಕಿರಲಿ ಎಂದುಕೊಂಡಳು. ನಾಲ್ಕೂ ಎಳೆಯ ತುದಿ ಹತ್ತಿಯ ಹಾಗೆ ಹಿಂಜಿತ್ತು. ಸವೆದದ್ದು. ಗವಸಿನ ಮೇಲೆ ಗುಂಡಿ ಇದ್ದ ಜಾಗದ ಸುತ್ತ ಬಟ್ಟೆ ಬೆರಳಿನ ಜಿಡ್ಡಿಗೆ ಮಾಸಿ ನುಣ್ಣಗಾಗಿತ್ತು. ಸುಕ್ಕು ಬಿಡಿಸುತ್ತಿದ್ದಾಳೆ ಎಂದು ರಸ್ತೆಯಲ್ಲಿ ನಿಂತು ನೋಡಿದ ಕೈ ಅದು. ಹದಿನಾರು ಮೆಟ್ಟಿಲು ಹತ್ತಿದ್ದರೆ ಆ ಕೈಯನ್ನು ಹಿಡಿಯಬಹುದಿತ್ತು.

“ಇದು ಇನ್ನು ನಿಮ್ಮ ಹತ್ರಾನೇ ಇರಬೇಕಂತೆ” ಎಂದು ಹುಡುಗಿ ರಜಾಯಿಯನ್ನು ಅವಳ ತೊಡೆಯ ಮೇಲಿಟ್ಟಳು.

ನಿನಗೆ ಬೇಕಾಗಿದ್ದದ್ದು ರಜಾಯಿ ಎಂದು ಹತ್ತೊಂಬತ್ತು ವರ್ಷದ ಹಿಂದೆ ಅಂದವಳು ಇವಳೇ. ಈಗ ರಜಾಯಿ ಬಂದಿತ್ತು. ಗುಂಡಿಯಕ್ಕ ಬಾಯಿ ತೆರೆದಳು, ಅಳು ಬರಲಿಲ್ಲ, ಬರೀ ಉಸಿರು ಬಂತು. ಹುಡುಗಿ ಹೆದರಿ ಅವಳ ಭುಜ ಹಿಡಿದುಕೊಂಡಳು. ಆ ಕೈ ತಾಗಿದ ಮೇಲೆ ಅಳು ಬಂತು. ಪರದೆ ಅಂಗಡಿಯವನು ಸದ್ದು ಕೇಳಿ ಓಡಿ ಬಂದು, ಬಾಗಿಲಲ್ಲೇ ನಿಂತು, ಒಳಗೆ ಬರಲಾರದೆ ಹೋದ.

ತುಂಬ ಹೊತ್ತಾದ ಮೇಲೆ ಹುಡುಗಿ ಕೇಳಿದಳು, “ಆ ಗುಂಡಿ ಮತ್ತೆ ಹಾಕ್ತೀರಾ ದೊಡ್ಡಮ್ಮ?”

“ಇಲ್ಲ” ಎಂದಳು ಗುಂಡಿಯಕ್ಕ. ಅವಳು ಗವಸಿನ ಬಾಯನ್ನು ಮಡಿಲಿಗೆ ಎಳೆದುಕೊಂಡು, ಬಗ್ಗಿ, ನಾಲ್ಕನೆಯ ಗುಂಡಿಯ ಬುಡಕ್ಕೆ ಹಲ್ಲು ಹಾಕಿದಳು. ಮೇಣದ ದಾರ ಹಲ್ಲಿಗೆ ಜಾರಿತು. ಮತ್ತೆ ಹಲ್ಲು ಹಾಕಿದಳು. ಐದನೆಯದನ್ನು ಕಡಿದು ನೋಡಿದಳು. ಆರನೆಯದನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು.

“ಕತ್ತರಿ ಕೊಡ್ಲಾ?” ಎಂದಳು ಹುಡುಗಿ. ಅದು ಮೇಜಿನ ಮೇಲೆ ಕೈಗೆಟುಕುವಲ್ಲೇ ಇತ್ತು.

ಗುಂಡಿಯಕ್ಕ ಬೇಡವೆಂದು ತಲೆಯಾಡಿಸಿದಳು. ಅಂಗಡಿ ಮುಚ್ಚುವ ಹೊತ್ತಾಗುವವರೆಗೂ ಎಳೆಯುತ್ತಲೇ ಇದ್ದಳು. ಏಳು ಗುಂಡಿಯಲ್ಲಿ ಒಂದೂ ಅಲುಗಲಿಲ್ಲ.